ಮೀಟಿಂಗಿಗೂ ಒಂದು ಹೇಳಿಕೆ

ನನ್ನ ಮಾವ ಒಂದೇ ಹೊತ್ತಿಗೆ ನಾಲ್ಕು ಕಡೆ ಇರಬಲ್ಲರು. ನಗಬೇಡಿ, ನಾನು ಸುಳ್ಳು ಹೇಳ್ತಾ ಇಲ್ಲ. ಬೇಕಾದರೆ ಅವರ ಆಫೀಸ್ ಕ್ಯಾಲೆಂಡರ್ ತೆಗೆದು ತೋರಿಸ್ತೇನೆ. ಸೋಮವಾರ ಹನ್ನೊಂದು ಗಂಟೆಗೆ ಡಿಸ್ಪ್ಯಾಚ್ ಮೀಟಿಂಗು, ಅದೇ ಹನ್ನೊಂದಕ್ಕೆ ಸೇಫ್ಟಿ ಮೀಟಿಂಗು, ಅದೇ ಹನ್ನೊಂದಕ್ಕೆ ಹೊಸ ಅಂಟಿನ ಡೆಮೋ, ಅದೇ ಹನ್ನೊಂದಕ್ಕೆ ಕ್ಯಾಂಟೀನ್ ಕಮಿಟಿ. ನಾಲ್ಕಕ್ಕೂ ಬರ್ತೇನೆ ಅಂತ ಮಾವ ಒಪ್ಪಿದ್ದಾರೆ. ನಾಲ್ಕಕ್ಕೂ ಹೋಗಿದ್ದಾರೆ ಕೂಡ! ಕ್ಯಾಂಟೀನ್ ಕಮಿಟಿಯಲ್ಲಿ ಎರಡು ಗೋಳಿಬಜೆ ತಿಂದದ್ದಕ್ಕೆ ಸಾಕ್ಷಿಗಳೂ ಇದ್ದಾರೆ.

ಮಾವ ಅಂದರೆ ನನ್ನ ಅಮ್ಮನ ತಮ್ಮ. ಬೈಕಂಪಾಡಿಯಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಒಂದು ಕಾರ್ಖಾನೆಯಲ್ಲಿ ಡಿಸ್ಪ್ಯಾಚ್ ಮ್ಯಾನೇಜರ್. ಅದೇ ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ನಾನು. ಇಂಟರ್ನೆಟ್ ಹೋದರೂ ನನ್ನನ್ನೇ ಕರೀತಾರೆ, ಪ್ರಿಂಟರಿನೊಳಗೆ ಹಲ್ಲಿ ಹೋದರೂ ನನ್ನನ್ನೇ ಕರೀತಾರೆ. ಗೇಟಿನ ಒಳಗೆ ಅವರು ನನಗೆ ಸರ್, ಗೇಟಿನ ಹೊರಗೆ ಮಾವ. ಅವರಿಗೆ ಮಾತ್ರ ನಾನು ಒಳಗೂ ಹೊರಗೂ ಮಾರಾಯ್ತಿ.

ಏಕಕಾಲಕ್ಕೆ ನಾಲ್ಕು ಕಡೆ ಇರುವ ವಿದ್ಯೆ ಅವರು ಆಫೀಸಿನಲ್ಲಿ ಕಲಿತದ್ದಲ್ಲ. ಅದು ಮದುವೆ ಹಾಲುಗಳಲ್ಲಿ ಪಳಗಿದ ವಿದ್ಯೆ. ನಮ್ಮ ಕಡೆ ಸೀಸನ್ನಿನಲ್ಲಿ ಒಂದು ಆದಿತ್ಯವಾರಕ್ಕೆ ಮೂರು ಮದುವೆ, ಹೊಸಮನೆ ಪ್ರವೇಶದ ಒಂದು ಒಕ್ಕಲು, ತೀರಿಹೋದವರ ಹೆಸರಿನ ಒಂದು ಬೊಜ್ಜದ ಊಟ ಬೀಳುವುದು ಹೊಸತೇನಲ್ಲ. ಉಳಿದವರು ಯಾವುದಕ್ಕೆ ಹೋಗುವುದು, ಯಾವುದು ಬಿಡುವುದು ಅಂತ ಲೆಕ್ಕ ಹಾಕ್ತಾರೆ. ಮಾವ ಐದಕ್ಕೂ ಹೋಗ್ತಾರೆ. ಒಂದೊಂದು ಕಡೆ ಹತ್ತು ನಿಮಿಷ. ಸ್ಟೇಜು ಹತ್ತಿ ಮುಖ ತೋರಿಸುವುದು, ಮನೆಯ ಯಜಮಾನರ ಕೈ ಹಿಡಿದು ಒಂದು ಮಾತು, ಒಂದು ಲೋಟ ಪಾನಕ, ಸ್ಕೂಟರು. "ಮನೆವರೆಗೆ ಬಂದು ಹೇಳಿದ ಮೇಲೆ ಹೋಗದಿದ್ದರೆ ಹೇಗೆ?" ಅಂತ ಅವರ ಪ್ರಶ್ನೆ. ಇಡೀ ಮಂಗಳೂರಿನಲ್ಲಿ ಮಾವ ಕಾಲಿಡದ ಮನೆ ಒಂದೇ ಒಂದು. ಅದು ದೇರೆಬೈಲಿನಲ್ಲಿರುವ ನಮ್ಮ ಮನೆ! ಸ್ವಂತ ಅಕ್ಕನ ಮನೆಗೆ ಅವರು ಬರದೆ ಆರು ವರ್ಷ ಆಯಿತು. ಆ ಕಥೆಗೆ ಆಮೇಲೆ ಬರ್ತೇನೆ. ಅದನ್ನು ಈಗಲೇ ಹೇಳಿದರೆ ನನಗೇ ನಗು ಬರುವುದಿಲ್ಲ.

ಕಳೆದ ವರ್ಷ ನಮ್ಮ ಆಫೀಸಿಗೆ ಹೊಸ ಈಮೇಲ್ ಸಾಫ್ಟ್‌ವೇರ್ ಬಂತು. ಅದರಲ್ಲಿ ಪ್ರತಿಯೊಬ್ಬರಿಗೂ ಒಂದು ಕ್ಯಾಲೆಂಡರ್. ಅದನ್ನು ಬೇಕಾದವರ ಜೊತೆ ಹಂಚಿಕೊಳ್ಳಬಹುದು. ಯಾರು ಎಷ್ಟು ಹೊತ್ತಿಗೆ ಬಿಡುವಾಗಿದ್ದಾರೆ ಅಂತ ಕೂತಲ್ಲೇ ನೋಡಬಹುದು. ಎಲ್ಲರಿಗೂ ಇದನ್ನು ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಮೂರು ದಿನ ತರಗತಿ ಮಾಡಿದೆ. ಅರ್ಧ ಜನ ಆಕಳಿಸಿದರು, ಇನ್ನರ್ಧ ಜನ ವಾಟ್ಸ್ಯಾಪ್ ಸಾಲದಾ ಅಂತ ಕೇಳಿದರು. ಮಾವ ಮಾತ್ರ ಮೊದಲ ಬೆಂಚಿನಲ್ಲಿ ಕೂತು ನೋಟ್ಸ್ ಬರೆದುಕೊಂಡರು.

"ಮಾರಾಯ್ತಿ, ಯಾರಿಗೆ ಎಷ್ಟು ತೋರಿಸುವುದು ಅಂತ ಕೇಳ್ತದಲ್ಲ, ಅದೆಂತ?"

ಕೆಲವರಿಗೆ ನೀವು ಬಿಡುವಾಗಿದ್ದೀರೋ ಇಲ್ಲವೋ ಅಷ್ಟೇ ಕಾಣುವ ಹಾಗೆ ಮಾಡಬಹುದು, ಕೆಲವರಿಗೆ ಎಂತ ಕೆಲಸ ಅಂತಲೂ ಕಾಣುವ ಹಾಗೆ ಮಾಡಬಹುದು, ತೀರಾ ನಂಬಿಕೆಯವರಿಗೆ ಅದರಲ್ಲಿ ಬರೆಯುವ ಹಕ್ಕನ್ನೂ ಕೊಡಬಹುದು ಅಂತ ನಾನು ವಿವರಿಸಿದೆ.

"ಛೆ ಛೆ, ದಿನಾ ಒಟ್ಟಿಗೆ ಊಟ ಮಾಡುವವರಲ್ಲಿ ಹಾಗೆಲ್ಲ ಭೇದ ಮಾಡ್ಲಿಕ್ಕೆ ಉಂಟಾ?" ಅಂದರು. ಆಫೀಸಿನ ಅಷ್ಟೂ ಜನರಿಗೆ ತಮ್ಮ ಕ್ಯಾಲೆಂಡರಿನಲ್ಲಿ ಬರೆಯುವ ಹಕ್ಕು ಕೊಟ್ಟುಬಿಟ್ಟರು. ನಾನು ತಲೆ ಮೇಲೆ ಕೈ ಇಟ್ಟುಕೊಂಡೆ.

ಎರಡೇ ದಿನ. ಪ್ರಿಂಟಿಂಗ್ ಸೆಕ್ಷನ್ನಿನ ಯಾರೋ ಪುಣ್ಯಾತ್ಮ ಅದರಲ್ಲಿ, ಮಧ್ಯಾಹ್ನ ಮೂರೂವರೆಗೆ ಲೋಡಿಂಗ್ ಜಾಗದಲ್ಲಿ ಹುಲಿವೇಷದ ಪ್ರಾಕ್ಟೀಸು ಅಂತ ಬರೆದಿಟ್ಟ. ಮಾವ ಯಾರು, ಯಾಕೆ ಅಂತ ಕೇಳಲಿಲ್ಲ. ಕ್ಯಾಲೆಂಡರಿನಲ್ಲಿ ಉಂಟಲ್ಲ! ಸರಿಯಾಗಿ ಮೂರೂವರೆಗೆ ಹೋಗಿ ನಿಂತರು. ತಮಾಷೆ ನೋಡಲು ಪ್ರಿಂಟಿಂಗಿನವರೆಲ್ಲ ಕಂಬದ ಹಿಂದೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕಾದರು. ಐದು ನಿಮಿಷ ಆದರೂ ಯಾರೂ ಬರದಿದ್ದಾಗ ಮಾವ ಬೂಟು ಬಿಚ್ಚಿಟ್ಟರು, ಲೋಡಿಂಗಿನ ನಾಲ್ಕು ಜನರನ್ನು ಕರೆದರು, ಖಾಲಿ ಡಬ್ಬ ಬಡಿಯಲು ಒಬ್ಬನನ್ನು ಕೂರಿಸಿದರು. ಆಮೇಲೆ ಶುರುವಾಯಿತು ನೋಡಿ. ಐವತ್ತೇಳು ವಯಸ್ಸಿನ, ಶರ್ಟು ಇನ್ ಮಾಡಿದ ಹುಲಿ! ಹತ್ತು ನಿಮಿಷದಲ್ಲಿ ಕಂಬದ ಹಿಂದಿನವರೂ ಬಂದು ಕುಣಿದರು. ಆ ದಿನ ಮೂರು ಲಾರಿ ತಡವಾಗಿ ಹೊರಟದ್ದಕ್ಕೆ ಕಾರಣ ಬರೆಯಬೇಕಾದ ಕಾಲಮ್ಮಿನಲ್ಲಿ ಮಾವ ಪ್ರಾಮಾಣಿಕವಾಗಿ 'ಪ್ರಾಕ್ಟೀಸ್' ಅಂತ ಬರೆದರು.

ಇದಾದ ಮೇಲೆ ನಾನು ಎಲ್ಲರ ಹಕ್ಕನ್ನೂ ಕಿತ್ತುಕೊಂಡೆ. ಮಾವನ ಪರವಾಗಿ ಅವರ ಕ್ಯಾಲೆಂಡರ್ ನೋಡಿಕೊಳ್ಳುವ ಅಧಿಕಾರ ನನ್ನೊಬ್ಬಳಿಗೆ ಅಂತಾಯಿತು. ಹಾಗಾಗಿಯೇ ನಿಮಗೆ ಇಷ್ಟೆಲ್ಲ ಹೇಳ್ತಾ ಇದ್ದೇನೆ. ಕೇಳಿದ್ದಲ್ಲ, ಕಣ್ಣಾರೆ ಕಂಡದ್ದು.

ಮಾವ ತಾವೇ ಮೀಟಿಂಗ್ ಕರೆಯುವ ರೀತಿ ಇನ್ನೂ ಚಂದ. ಸಾಫ್ಟ್‌ವೇರಿನಲ್ಲಿ ಮೀಟಿಂಗ್ ಕರೆಯುವುದು ಎಷ್ಟು ಹೊತ್ತಿನ ಕೆಲಸ? ದಿನ, ಗಂಟೆ, ಯಾರೆಲ್ಲ ಬರಬೇಕು ಅಂತ ಹಾಕಿ ಒತ್ತಿದರೆ ಮುಗಿಯಿತು. ಆದರೆ ನಮ್ಮಲ್ಲಿ ಮದುವೆ ಕಾಗದವನ್ನು ಬರೀ ಅಂಚೆಗೆ ಹಾಕಿ ಸುಮ್ಮನಿರುತ್ತಾರಾ? ಮನೆಗೇ ಹೋಗಬೇಕು, ಕೂತು ಮಾತಾಡಬೇಕು, ಕಾಗದ ಕೈಗೆ ಕೊಟ್ಟು ಬಾಯಲ್ಲೂ ಕರೆಯಬೇಕು. ಅದಕ್ಕೆ ಹೇಳಿಕೆ ಅಂತಾರೆ. ಹೇಳಿಕೆ ಇಲ್ಲದ ಕಾಗದ ಮಾವನ ಮಟ್ಟಿಗೆ ಬರೀ ರಟ್ಟು. ಹಾಗಾಗಿ ಅವರು ಕಂಪ್ಯೂಟರಿನಲ್ಲಿ ಮೀಟಿಂಗ್ ಕಳಿಸಿ, ಎದ್ದು, ಶರ್ಟು ಸರಿಮಾಡಿಕೊಂಡು, ಒಬ್ಬೊಬ್ಬರ ಟೇಬಲಿಗೂ ಹೋಗ್ತಾರೆ. ಮೊದಲು ಮನೆಯಲ್ಲಿ ಎಲ್ಲರ ಆರೋಗ್ಯ ವಿಚಾರಿಸುವುದು. ಆಮೇಲೆ ವಿಷಯ.

"ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಡಿಸ್ಪ್ಯಾಚಿನದ್ದು ಒಂದು ಸಣ್ಣ ಮೀಟಿಂಗ್ ಇಟ್ಟುಕೊಂಡಿದ್ದೇವೆ. ಮೇಲಿನ ರೂಮಿನಲ್ಲಿ. ನೀವು ಸೆಕ್ಷನ್ನಿನವರೆಲ್ಲ ಬಂದು ಚಂದಗಾಣಿಸಿ ಕೊಡಬೇಕು."

ಆರು ತಿಂಗಳ ಹಿಂದೆ ಹೊರಗಿನಿಂದ ಬಂದು ಸೇರಿದ ಕ್ವಾಲಿಟಿಯ ಮೇಡಂ ಇದನ್ನು ಕೇಳಿ ಗಾಬರಿಯಾಗಿ, "ನಾಳೆ ಏನಾದರೂ ತರಬೇಕಾ?" ಅಂತ ನನ್ನ ಹತ್ತಿರ ಗುಟ್ಟಾಗಿ ಕೇಳಿದರು. ಏನೂ ಬೇಡ, ಲ್ಯಾಪ್‌ಟಾಪ್ ತಂದರೆ ಸಾಕು ಅಂದೆ. ಆದರೆ ಒಂದು ಮಾತು ಒಪ್ಪಬೇಕು. ಇಡೀ ಕಾರ್ಖಾನೆಯಲ್ಲಿ ಕರೆದವರೆಲ್ಲ ಬರುವ ಮೀಟಿಂಗು ಮಾವನದ್ದೊಂದೇ.

ಇನ್ನು ಬೇರೆಯವರು ಮಾವನನ್ನು ಕರೆದರೆ? ಪರದೆಯ ಮೇಲೆ ಮೂರು ಬಟನ್ ಬರ್ತದೆ. ಬರ್ತೇನೆ ಅನ್ನಲು ಅಕ್ಸೆಪ್ಟ್, ಬರುವುದಿಲ್ಲ ಅನ್ನಲು ಡಿಕ್ಲೈನ್, ನೋಡುವ ಅನ್ನಲು ಟೆಂಟೆಟಿವ್. ಮಾವ ಅಕ್ಸೆಪ್ಟ್ ಬಿಟ್ಟು ಬೇರೆ ಯಾವುದನ್ನೂ ಮುಟ್ಟಿದವರಲ್ಲ. ಒಂದೇ ಹೊತ್ತಿಗೆ ನಾಲ್ಕು ಬಂದಾಗ ಮೂರಕ್ಕಾದರೂ ಡಿಕ್ಲೈನ್ ಕೊಡಿ ಅಂತ ನಾನು ಹೇಳಿದ್ದಕ್ಕೆ ಅವರ ಮುಖ ಕಪ್ಪಿಟ್ಟಿತು.

"ಕರೆದವರ ಮುಖಕ್ಕೆ ಬರುವುದಿಲ್ಲ ಅಂತ ಹೇಳುವುದಾ? ಎಂತ ಮಾರಾಯ್ತಿ ನೀನು!"

"ಮುಖಕ್ಕೆ ಅಲ್ಲ ಸರ್, ಕಂಪ್ಯೂಟರಿನಲ್ಲಿ."

"ಇನ್ನೂ ಕೆಟ್ಟದು. ಮುಖಕ್ಕೆ ಹೇಳಿದರೆ ಮರೆತುಬಿಡ್ತಾರೆ. ಇದರಲ್ಲಿ ಬರೆದು ಉಳೀತದೆ."

ಇಂಥವರಿಗೆ ಒಂದು ದಿನ ಕಾನ್ಫರೆನ್ಸ್ ರೂಮೇ ಡಿಕ್ಲೈನ್ ಕೊಟ್ಟಿತು! ರೂಮಿಗೂ ಒಂದು ಕ್ಯಾಲೆಂಡರ್ ಉಂಟು. ನಾವು ರೂಮನ್ನೂ ಮೀಟಿಂಗಿಗೆ ಕರೆಯಬೇಕು, ಖಾಲಿ ಇದ್ದರೆ ಅದು ತಾನಾಗಿಯೇ ಒಪ್ಪಿಕೊಳ್ತದೆ. "ನೋಡು, ಅರ್ಧ ನಿಮಿಷದಲ್ಲಿ ಉತ್ತರ ಕೊಟ್ಟಿತು. ಆ ರೂಮಿಗಿರುವ ಮರ್ಯಾದೆ ನಮ್ಮ ಪರ್ಚೇಸಿನವರಿಗಿಲ್ಲ," ಅಂತ ಮಾವ ರೂಮನ್ನು ಹೊಗಳುತ್ತಾ ಇದ್ದರು. ಆ ದಿನ ಯಾರೋ ಮೊದಲೇ ಬುಕ್ ಮಾಡಿದ್ದರಿಂದ ರೂಮು ಬರುವುದಿಲ್ಲ ಅಂದಿತು. ಮರುದಿನದಿಂದ ಡಿಸ್ಪ್ಯಾಚ್ ಮೀಟಿಂಗು ಜಗಲಿಯಲ್ಲಿ ನಡೆಯತೊಡಗಿತು. ಬಿಸಿಲಿಗೆ ಎಲ್ಲರೂ ಬೆವರಿ ಬಸವಳಿದರು. ಒಳಗೆ ಎಸಿ ಹಾಕಿದ ರೂಮು ಖಾಲಿ ಬಿದ್ದಿತ್ತು. ಒಂಬತ್ತನೇ ದಿನ ನಾನೇ ಹೋಗಿ, ಸರ್, ರೂಮಿನ ಪರವಾಗಿ ನಾನು ಹೇಳ್ತಾ ಇದ್ದೇನೆ, ಆ ದಿನದ್ದು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ, ಇವತ್ತು ಒಳಗೆ ಬನ್ನಿ ಅಂದೆ. ಮಾವ ಒಂದು ಕ್ಷಣ ಯೋಚಿಸಿ, "ಆಯ್ತು, ನೀನು ಬಂದು ಹೇಳಿದ ಮೇಲೆ ಮತ್ತೆಂತ," ಅಂತ ಎದ್ದರು.

ಜಗಲಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಆದರೆ ನನ್ನ ನಗು ಸ್ವಲ್ಪ ಬೇಗ ನಿಂತಿತು. ಯಾಕೆ ಅಂದರೆ ನಮ್ಮ ಮನೆಯ ಕಥೆಯೂ ಇದೇ.

ಆರು ವರ್ಷದ ಹಿಂದೆ ದೇರೆಬೈಲಿನಲ್ಲಿ ಅಮ್ಮ ಮನೆ ಕಟ್ಟಿಸಿದರು. ಅಪ್ಪ ಆಗಲೇ ಇರಲಿಲ್ಲ. ಒಕ್ಕಲಿನ ಹೇಳಿಕೆಗೆ ಊರೆಲ್ಲ ತಿರುಗಬೇಕಾದವರು ಅಮ್ಮ ಒಬ್ಬರೇ. ಕಾಲು ಬಾತುಕೊಂಡಿತ್ತು. ಯಾರದೋ ಮದುವೆ ಹಾಲಿನಲ್ಲಿ ಮಾವ ಪಂಕ್ತಿಯಲ್ಲಿ ಕೂತು ಉಣ್ಣುತ್ತಾ ಇದ್ದಾಗ, ತಮ್ಮನೇ ಅಲ್ಲವಾ ಅಂತ ಅಮ್ಮ ಅಲ್ಲೇ ಕಾಗದ ಕೊಟ್ಟರು. ಮಾವನ ಬಲಗೈ ಸಾರನ್ನದಲ್ಲಿತ್ತು. ಸ್ವಂತ ಅಕ್ಕನ ಮನೆ ಒಕ್ಕಲಿನ ಕಾಗದವನ್ನು ಅವರು ಎಡಗೈಯಲ್ಲಿ ತೆಗೆದುಕೊಂಡರು.

ಅಷ್ಟೇ. ಜಗಳ ಇಲ್ಲ, ಒಂದು ಕೆಟ್ಟ ಮಾತಿಲ್ಲ. ಒಕ್ಕಲಿಗೆ ಮಾವ ಬರಲಿಲ್ಲ. "ನನಗೆ ಹೇಳಿಕೆ ಆಗಲಿಲ್ಲ," ಅಂತ ಅವರು. "ಹುಟ್ಟಿದಾಗ ಎತ್ತಿ ಆಡಿಸಿದವಳು ನಾನು, ನನ್ನ ಮನೆಗೆ ಬರ್ಲಿಕ್ಕೆ ಅವನಿಗೆ ಹೇಳಿಕೆ ಬೇಕಾ?" ಅಂತ ಅಮ್ಮ. ಆಮೇಲೆ ಇಬ್ಬರೂ ಬೇರೆಯವರ ಮದುವೆಗಳಲ್ಲಿ ಎದುರಾಗುತ್ತಾರೆ, ಆರಾಮಾ ಅಂತ ಕೇಳುತ್ತಾರೆ, ಬೇರೆ ಬೇರೆ ಸಾಲಿನಲ್ಲಿ ಕೂರುತ್ತಾರೆ. ಉಳಿದ ಸುದ್ದಿಯೆಲ್ಲ ನನ್ನ ಮೂಲಕ. ಅಮ್ಮ ಮಾಡಿದ ಪತ್ರೊಡೆಯನ್ನು ನಾನು ಬೈಕಂಪಾಡಿಗೆ ಹೊರುತ್ತೇನೆ, ಖಾಲಿ ಡಬ್ಬವನ್ನು ದೇರೆಬೈಲಿಗೆ ಹೊರುತ್ತೇನೆ. ಆರು ವರ್ಷದಿಂದ ಆ ಡಬ್ಬ ಮಾತ್ರ ಎರಡೂ ಕಡೆ ಹೋಗಿಬರುತ್ತಾ ಉಂಟು.

ಈ ವರ್ಷ ಅಮ್ಮನಿಗೆ ಎದೆನೋವು ಬಂತು. ಅತ್ತಾವರದ ಆಸ್ಪತ್ರೆಯ ಡಾಕ್ಟರು ನೋಡಿ ಬೈಪಾಸ್ ಆಗಲೇಬೇಕು ಅಂದರು, ಗುರುವಾರ ಬೆಳಿಗ್ಗೆ ಅಂತ ದಿನ ಕೊಟ್ಟರು. ಮನೆಯಲ್ಲಿ ನಾವಿಬ್ಬರೇ. ಅಮ್ಮ ಧೈರ್ಯವಾಗಿ ಇರುವ ಹಾಗೆ ಕಾಣುತ್ತಿದ್ದರು. ಬ್ಯಾಗಿಗೆ ಬಟ್ಟೆ ಹಾಕುತ್ತಾ ಗೋಡೆ ನೋಡಿಕೊಂಡು ಕೇಳಿದರು.

"ಗುರುವಾರ ಅವನಿಗೆ ಆಫೀಸು ಉಂಟಾ?"

"ಮಾವನಿಗಾ? ನಾನು ಹೇಳ್ಲಾ ಅವರಿಗೆ?"

"ಬೇಡ. ಆಪರೇಷನ್ನಿಗೆ ಯಾರಾದರೂ ಹೇಳಿಕೆ ಮಾಡ್ತಾರಾ?" ಬ್ಯಾಗಿನ ಜಿಪ್ ಎಳೆದರು. ಎಳೆದ ಜಿಪ್ಪನ್ನೇ ಮತ್ತೆ ತೆರೆಯುತ್ತಾ, "ಸುಮ್ಮನೆ ಕೇಳಿದೆ, ಆಫೀಸು ಉಂಟಾ ಅಂತ."

ಒಳಗೆ ಹೋಗುವ ಮೊದಲು ಅಮ್ಮನಿಗೆ ತಮ್ಮನ ಮುಖ ನೋಡಬೇಕು, ಅಷ್ಟೇ. ಅದನ್ನು ಅವರು ಬಾಯಿಬಿಟ್ಟು ಹೇಳುವವರಲ್ಲ.

ಆ ಕಡೆ ಮಾವನಿಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ನನ್ನ ಕ್ಯಾಲೆಂಡರಿನಲ್ಲಿ ಗುರುವಾರ ರಜೆ, ಅಮ್ಮನ ಬೈಪಾಸ್, ಅತ್ತಾವರ ಅಂತ ಹಾಕಿದ್ದೆ. ಅದನ್ನು ನೋಡಿದ ದಿನದಿಂದ ಅವರು ನನ್ನ ಟೇಬಲಿನ ಸುತ್ತ ಸುಳಿದಾಡತೊಡಗಿದರು. "ಅತ್ತಾವರದಲ್ಲಿ ಪಾರ್ಕಿಂಗ್ ಭಾರೀ ಕಷ್ಟ," ಅಂದರು ಒಮ್ಮೆ. "ಈಗ ಎದೆಯ ಆಪರೇಷನೆಲ್ಲ ಸಾಮಾನ್ಯ ಆಗಿದೆಯಂತೆ, ಅಲ್ವಾ?" ಅಂದರು ಇನ್ನೊಮ್ಮೆ, ಪ್ರಿಂಟರನ್ನು ನೋಡುತ್ತಾ. ಅದಕ್ಕಿಂತ ಒಂದು ಹೆಜ್ಜೆ ಮುಂದೆ ಬರಲಿಲ್ಲ.

ಮಂಗಳವಾರ ನಾನು ಮಾವನ ಗುರುವಾರವನ್ನು ತೆಗೆದು ನೋಡಿದೆ. ಅಯ್ಯೋ ದೇವರೇ, ದೊಡ್ಡ ಗಿರಾಕಿಯ ಆಡಿಟ್ ಅದೇ ದಿನ! ಬೆಳಿಗ್ಗೆಯಿಂದ ಸಂಜೆವರೆಗೆ ಒಂಬತ್ತು ಮೀಟಿಂಗು, ಮೂರು ಒಂದರ ಮೇಲೊಂದು, ಎಲ್ಲದಕ್ಕೂ ಅಕ್ಸೆಪ್ಟ್. ಇರಲಿ ಅಂತ ಹತ್ತನೆಯದು ನಾನು ಕಳಿಸಿದೆ. ವಿಷಯ, ಅಮ್ಮನ ಆಪರೇಷನ್. ಜಾಗ, ಅತ್ತಾವರ. ಹೊತ್ತು, ಬೆಳಿಗ್ಗೆ ಏಳು.

ಅರ್ಧ ನಿಮಿಷದಲ್ಲಿ ಉತ್ತರ ಕೊಡುವವರಿಂದ ಉತ್ತರ ಇಲ್ಲ. ಹನ್ನೊಂದು ಗಂಟೆ ಆಯಿತು, ಎರಡು ಆಯಿತು, ಇಲ್ಲ. ಅವರ ಪರವಾಗಿ ಅಕ್ಸೆಪ್ಟ್ ಒತ್ತುವ ಅಧಿಕಾರ ನನ್ನ ಕೈಯಲ್ಲೇ ಇತ್ತು. ಒತ್ತಿ ಏನು ಪ್ರಯೋಜನ? ಕೋಪ ನೆತ್ತಿಗೇರಿತು. ಅಕ್ಕ ಆಪರೇಷನ್ ಟೇಬಲಿಗೆ ಹೋಗ್ತಾ ಇದ್ದಾರೆ, ಈ ಮನುಷ್ಯನಿಗೆ ಈಗಲೂ ಬಿಗುಮಾನವಾ ಅಂತ ಹಲ್ಲು ಕಚ್ಚಿದೆ. ನಾಲ್ಕು ಗಂಟೆಗೆ ಚಾ ಕುಡಿಯುವಾಗ ತಲೆಗೆ ಹೊಳೆಯಿತು. ನಾನೆಂಥ ದಡ್ಡಿ! ಬರೀ ಕಾಗದ ಕಳಿಸಿ ಕೂತಿದ್ದೇನೆ. ಹೇಳಿಕೆ ಎಲ್ಲಿ?

ಲೋಟ ಅಲ್ಲೇ ಬಿಟ್ಟು ಅವರ ಕ್ಯಾಬಿನ್ನಿಗೆ ಓಡಿದೆ. ಮಾವ ಬನ್ಸ್ ತಿನ್ನುತ್ತಾ ಇದ್ದರು. ನಾನು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಹೋಗಿ, "ಮಾವ," ಅಂದೆ. ಗೇಟಿನ ಒಳಗೆ ಅವರನ್ನು ಹಾಗೆ ಕರೆದದ್ದು ಅದೇ ಮೊದಲು.

ಅವರು ನನ್ನ ಮುಖ ನೋಡಿದರು. "ಒಂದು ನಿಮಿಷ ನಿಲ್ಲು," ಅಂದರು. ಬನ್ಸ್ ಕೆಳಗಿಟ್ಟು, ಹೊರಗೆ ನಲ್ಲಿಗೆ ಹೋಗಿ, ಬಲಗೈಯನ್ನು ಸೋಪು ಹಾಕಿ ತೊಳೆದು, ಕರ್ಚೀಫಿನಲ್ಲಿ ಬೆರಳು ಬೆರಳೂ ಒರೆಸಿಕೊಂಡು ಬಂದು ನನ್ನ ಎದುರು ನಿಂತರು.

"ಈಗ ಹೇಳು. ನಿಧಾನಕ್ಕೆ ಹೇಳು."

"ನಾಡಿದ್ದು ಗುರುವಾರ ಬೆಳಿಗ್ಗೆ ಏಳು ಗಂಟೆಗೆ ಅತ್ತಾವರದಲ್ಲಿ ಅಮ್ಮನ ಆಪರೇಷನ್ ಇಟ್ಟುಕೊಂಡಿದ್ದೇವೆ. ನೀವು, ಅತ್ತೆ, ಮನೆಯವರೆಲ್ಲ ಬಂದು..." ಮುಂದಿನದು ಬಾಯಿಪಾಠವೇ. ಆದರೆ ಚಂದಗಾಣಿಸಿ ಅನ್ನುವ ಶಬ್ದಕ್ಕೆ ಬಂದಾಗ ನನಗೆ ಅಳು ಒತ್ತರಿಸಿ ಬಂತು.

"ಆಯ್ತು," ಅಂದರು ಮಾವ. ನಾನು ಟೇಬಲಿಗೆ ಬರುವಷ್ಟರಲ್ಲಿ ಅಕ್ಸೆಪ್ಟ್ ಬಂದಿತ್ತು.

ಸಂತೋಷ ಆಯಿತಾ? ಆಯಿತು. ಆದರೆ ಮಾವನ ಅಕ್ಸೆಪ್ಟಿನ ಬೆಲೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹತ್ತು ನಿಮಿಷ. ಗುರುವಾರ ಆರೂಮುಕ್ಕಾಲಿಗೆ ಅವರು ಬಂದಾಗಲೂ ನಾನು ಅದನ್ನೇ ಎಣಿಸಿದೆ. ಮದುವೆಗೆ ಹಾಕುವ ಬಿಳಿ ಶರ್ಟು, ಕೂದಲಿಗೆ ಎಣ್ಣೆ. ಅಮ್ಮನನ್ನು ಆಗಲೇ ಸ್ಟ್ರೆಚರಿನಲ್ಲಿ ಮಲಗಿಸಿ ಮಂಪರಿನ ಇಂಜೆಕ್ಷನ್ ಕೊಟ್ಟಿದ್ದರು. ಕಣ್ಣು ಮುಚ್ಚಿತ್ತು. ಮಾವ ಬಗ್ಗಿ, "ಅಕ್ಕಾ," ಅಂದರು. ಅಮ್ಮನಿಗೆ ಕೇಳಿತೋ ಇಲ್ಲವೋ ಗೊತ್ತಾಗಲಿಲ್ಲ. ಬಾಗಿಲು ಮುಚ್ಚಿತು. ಅಷ್ಟು ಮಾಡಿಯೂ ಅಮ್ಮ ತಮ್ಮನ ಮುಖ ನೋಡದೆಯೇ ಒಳಗೆ ಹೋದರು.

ನಾವಿಬ್ಬರೂ ಕಾರಿಡಾರಿನ ಬೆಂಚಿನಲ್ಲಿ ಕೂತೆವು. ಏಳೂಹತ್ತು ಆಯಿತು. ಈಗ ಏಳ್ತಾರೆ ಅಂದುಕೊಂಡೆ. ಏಳೂವರೆ ಆಯಿತು. ಎಂಟು ಆಯಿತು. ಮಾವ ಕನ್ನಡಕ ಹಾಕಿಕೊಂಡು, ಮೊಬೈಲನ್ನು ದೂರ ಹಿಡಿದು, ತೋರುಬೆರಳಿನಲ್ಲಿ ಏನೋ ಒತ್ತುತ್ತಾ ಇದ್ದರು. ಎಂಟೂಕಾಲಿಗೆ ನನ್ನ ಫೋನು ಬಡಿದುಕೊಂಡಿತು. ಆಫೀಸಿನ ಕ್ವಾಲಿಟಿ ಮೇಡಂ, ಏದುಸಿರು ಬಿಡುತ್ತಾ ಇದ್ದರು.

"ಸಾರಿ, ರಜೆಯಲ್ಲಿದ್ದೀರಿ ಅಂತ ಗೊತ್ತು. ಅರ್ಜೆಂಟ್. ಡಿಸ್ಪ್ಯಾಚ್ ಸರ್ ಅವರ ಅಕೌಂಟನ್ನು ಯಾರೋ ಹ್ಯಾಕ್ ಮಾಡಿದ್ದಾರೆ."

"ಹೇಗೆ ಗೊತ್ತಾಯಿತು?"

"ಎಲ್ಲರಿಗೂ ಡಿಕ್ಲೈನ್ ಬರ್ತಾ ಉಂಟು!"

ನಾನು ಪಕ್ಕಕ್ಕೆ ತಿರುಗಿ ನೋಡಿದೆ. ಮಾವನ ಬೆರಳು ಏಳನೆಯ ಮೀಟಿಂಗಿನ ಮೇಲಿತ್ತು. ಒತ್ತಿದರು. ಎಂಟನೆಯದನ್ನು ಒತ್ತಿದರು. ಒಂಬತ್ತನೆಯದು ಸ್ವತಃ ಎಂಡಿ ಕರೆದದ್ದು. ಅದನ್ನೂ ಒತ್ತಿ, ಮೊಬೈಲನ್ನು ಜೇಬಿಗೆ ಹಾಕಿ, ಬೆನ್ನು ಗೋಡೆಗೆ ಕೊಟ್ಟು ಕೂತರು.

"ಯಾರೂ ಹ್ಯಾಕ್ ಮಾಡಿಲ್ಲ ಮೇಡಂ, ಅವರೇ," ಅಂತ ಫೋನ್ ಇಟ್ಟೆ.

"ಬರುವುದಿಲ್ಲ ಅನ್ನುವುದು ಇಷ್ಟು ಸುಲಭ ಅಂತ ಗೊತ್ತೇ ಇರಲಿಲ್ಲ ಮಾರಾಯ್ತಿ," ಅಂದರು ಮಾವ. ಕನ್ನಡಕ ತೆಗೆದು ಒರೆಸುತ್ತಾ, "ಆರು ವರ್ಷ ಆಯ್ತಲ್ಲ," ಅಂದರು.

ಆಪರೇಷನ್ ಮುಗಿಯುವಾಗ ಮಧ್ಯಾಹ್ನ ಆಯಿತು. ಎಲ್ಲ ಸರಿಯಾಗಿದೆ, ನಾಳೆ ಬೆಳಿಗ್ಗೆ ನೋಡಬಹುದು ಅಂದರು ಡಾಕ್ಟರು. ಮನೆಗೆ ಹೋಗಿ ಮಲಗಿ ಬನ್ನಿ ಅಂತ ನಾನು ಎಷ್ಟು ಹೇಳಿದರೂ ಮಾವ ಆ ಬೆಂಚು ಬಿಟ್ಟು ಏಳಲಿಲ್ಲ.

ಮರುದಿನ ಬೆಳಿಗ್ಗೆ ನರ್ಸ್ ನಮ್ಮಿಬ್ಬರನ್ನೂ ಎರಡು ನಿಮಿಷಕ್ಕೆ ಒಳಗೆ ಬಿಟ್ಟರು. ಅಮ್ಮ ಕಣ್ಣು ಬಿಟ್ಟಿದ್ದರು. ನನ್ನನ್ನು ನೋಡಿದರು, ಆಮೇಲೆ ನನ್ನ ಹಿಂದೆ ನಿಂತವರನ್ನು ನೋಡಿದರು. ಮುದುಡಿದ ಬಿಳಿ ಶರ್ಟು, ಕೆದರಿದ ಕೂದಲು. ತಮ್ಮನ ಹತ್ತು ನಿಮಿಷದ ಅಭ್ಯಾಸ ಗೊತ್ತಿದ್ದ ಅಕ್ಕ ಅಲ್ಲವಾ, ಕ್ಷೀಣ ಸ್ವರದಲ್ಲಿ ಕೇಳಿದರು.

"ಯಾವಾಗ ಬಂದೆ?"

"ನಿನ್ನೆ," ಅಂದರು ಮಾವ.

ಅಮ್ಮ ಅವರ ಮುಖವನ್ನೇ ನೋಡಿದರು. ಆಮೇಲೆ ನಮ್ಮ ಮನೆಮಾತಾದ ತುಳುವಿನಲ್ಲಿ, ದಿನಾ ಯಾರು ಸಿಕ್ಕಿದರೂ ಕೇಳುವ ಅದೇ ಮಾತು ಕೇಳಿದರು.

"ಒಣಸ್ ಆಂಡಾ?"

ಊಟ ಆಗಿರಲಿಲ್ಲ, ನಿನ್ನೆಯಿಂದ ಸರಿಯಾಗಿ ಏನೂ ಆಗಿರಲಿಲ್ಲ. ಸೂಜಿ ಚುಚ್ಚಿದ್ದ ಅಮ್ಮನ ಕೈಯನ್ನು ಮಾವ ನಿಧಾನಕ್ಕೆ, ಎರಡೂ ಕೈಯಲ್ಲಿ ತೆಗೆದುಕೊಂಡರು.